ಸಿಡಿ ಫೇಲ್ ಆದ್ರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು

ಲಿನಕ್ಸ್ ಲ್ಯಾಬ್‌ನ ಮೊದಲ ದಿನ ಹೇಳಿಕೊಡೋ ಕಮಾಂಡ್ 'ಸಿಡಿ'. ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಹೋಗೋದು, ಅಷ್ಟೇ. ಎರಡು ನಿಮಿಷದ ಪಾಠ. ಆಮೇಲೆ ಅದರ ಬಗ್ಗೆ ಯಾರೂ ಮಾತಾಡಲ್ಲ. ಮಾತಾಡಬೇಕು ಅನ್ನೋದು ನನ್ನ ವಾದ, ಯಾಕಂದ್ರೆ ಕ್ಲಬ್‌ನ ತಾಳಗುಂದ ಫೋಟೋಗಳು ಹೋಗಿದ್ದು ಇದರಿಂದಲೇ. ಸ್ಕ್ರಿಪ್ಟ್ ಬರೆದಿದ್ದು ನಾನೇ.

ಕಳೆದ ಸೆಮಿಸ್ಟರ್‌ನಲ್ಲಿ ನಾವು ಏಳು ಜನ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿದ್ವಿ. ಪ್ರಣವೇಶ್ವರ ದೇವಸ್ಥಾನದ ಮುಂದೆ ಕದಂಬರ ಶಾಸನದ ಕಂಬ ಇದೆ. ಮಯೂರಶರ್ಮ ಓದೋಕೆ ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ಆಮೇಲೆ ಕತ್ತಿ ಹಿಡಿದಿದ್ದು ಎಲ್ಲ ಅದರ ಮೇಲಿದೆ. ಕುಬ್ಜ ಅನ್ನೋ ಕವಿ ರಚಿಸಿದ ಸಂಸ್ಕೃತ ಪದ್ಯಗಳು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಚೆನ್ನಾಗಿ ಎದ್ದು ಕಾಣುತ್ತವೆ. ಫೈನಲ್ ಇಯರ್‌ನ ಅಕ್ಕ ಒಬ್ಬರು ಒಂದೊಂದೇ ಅಕ್ಷರದ ಹತ್ತಿರ ಬೆರಳಿಟ್ಟು ಇದು 'ಕ', ಇದು 'ಮ' ಅಂತ ತೋರಿಸ್ತಾ ಹೋದ್ರು, ನಾವು ಫೋಟೋ ತೆಗೀತಾ ಹೋದ್ವಿ.

ಒರಿಜಿನಲ್ ಫೋಟೋಗಳನ್ನ ಸೋಮಾರಿತನದಿಂದ ಸರ್ವರ್‌ನ ಹೋಮ್ ಡೈರೆಕ್ಟರಿಯಲ್ಲೇ ಸುರಿದಿದ್ವಿ. ವೆಬ್‌ಸೈಟ್‌ಗೆ ಬೇಕಾದ ಸಣ್ಣ ಸೈಜಿನವು ಮಾತ್ರ ತಾಳಗುಂದ ಅನ್ನೋ ಫೋಲ್ಡರ್‌ನಲ್ಲಿ. ನನ್ನ ಸ್ಕ್ರಿಪ್ಟ್ ದಿನಾ ರಾತ್ರಿ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿ, ಆ ಫೋಲ್ಡರ್‌ಗೆ ಹೋಗಿ, ಹಳೇ ಜೆಪೆಗ್‌ಗಳನ್ನ ಅಳಿಸಿ, ಹೊಸದನ್ನ ಹಾಕಬೇಕಿತ್ತು. ಒಂದು ದಿನ ಯಾರೋ ನೀಟಾಗಿ ಕಾಣಲಿ ಅಂತ ಫೋಲ್ಡರ್ ಹೆಸರಿನ ಸಣ್ಣ 'ಟಿ'ಯನ್ನ ದೊಡ್ಡ 'ಟಿ' ಮಾಡಿದ್ರು. ಊರಿನ ಹೆಸರನ್ನ ಹೇಗೆ ಬರೆದ್ರೂ ಬಸ್ ಕಂಡಕ್ಟರ್ ಟಿಕೆಟ್ ಕೊಡ್ತಾರೆ, ಲಿನಕ್ಸ್ ಕೊಡಲ್ಲ. 'ಅಂಥ ಡೈರೆಕ್ಟರಿ ಇಲ್ಲ' ಅಂತ ಎರರ್ ಬಂತು. ರಾತ್ರಿ ಎರಡು ಗಂಟೆಗೆ ಅದನ್ನ ಓದೋರು ಯಾರು? ಶೆಲ್ ಮುಂದಿನ ಸಾಲಿಗೆ ಹೋಯ್ತು. ಲಾಗಿನ್ ಆದ ತಕ್ಷಣ ನಾವು ಇರೋದು ಹೋಮ್ ಡೈರೆಕ್ಟರಿಯಲ್ಲಿ. ಅಲ್ಲಿದ್ದ ಎಲ್ಲ ಜೆಪೆಗ್‌ಗಳೂ ಅಳಿಸಿಹೋದವು. ಫೋನ್‌ಗಳನ್ನ ಅಷ್ಟರಲ್ಲಿ ಖಾಲಿ ಮಾಡಿಕೊಂಡಿದ್ವಿ. (ಬ್ಯಾಕಪ್ ಎಲ್ಲಿ ಅಂತ ಕೇಳಬೇಡಿ, ಅದು ಬೇರೆ ಲೇಖನ.)

ಹೆಸರು ಬದಲಾಯಿಸಿದವರದ್ದೇ ತಪ್ಪು ಅಂತ ಕೆಲವರು ಅಂದ್ರು. ನಾನು ಒಪ್ಪಲ್ಲ. ಹಂಚಿಕೊಂಡ ಸರ್ವರ್‌ನಲ್ಲಿ ಫೋಲ್ಡರ್ ಹೆಸರು ಬದಲಾಗೋದು ಸಹಜ. ಕೀಬೋರ್ಡ್ ಮುಂದೆ ಕೂತಾಗ ಸಿಡಿ ಫೇಲ್ ಆದ್ರೆ ನಮ್ಮ ಕಣ್ಣಿಗೆ ಬೀಳುತ್ತೆ, ಕೈ ನಿಲ್ಲುತ್ತೆ. ಸ್ಕ್ರಿಪ್ಟ್‌ಗೆ ಕಣ್ಣಿಲ್ಲ, ನಿಲ್ಲು ಅಂತ ನಾವೇ ಬರೆಯಬೇಕು. ನಾನು ಸಿಡಿ ಮತ್ತು ಅಳಿಸೋ ಕಮಾಂಡಿನ ಮಧ್ಯೆ ';' ಹಾಕಿದ್ದೆ. ಅದರ ಅರ್ಥ 'ಆಮೇಲೆ ಇದನ್ನ ಮಾಡು', ಮೊದಲನೆಯದು ಏನಾದ್ರೂ ಆಗಲಿ. '&&' ಹಾಕಿದ್ರೆ 'ಅದು ಆದ್ರೆ ಮಾತ್ರ ಇದು' ಅಂತ. ಎರಡು ಅಕ್ಷರದ ವ್ಯತ್ಯಾಸ.

ಮೇಲ್ಗಡೆ 'ಸೆಟ್ -ಇ' ಹಾಕಿದ್ರೆ ಸಾಕಲ್ವಾ ಅಂತ ರೂಮ್‌ಮೇಟ್ ಕೇಳ್ದ. ಒಳ್ಳೇದೇ, ಆದ್ರೆ 'ಇಫ್' ಕಂಡಿಷನ್ ಒಳಗೆ ಫೇಲ್ ಆದ ಕಮಾಂಡ್‌ಗೆ ಅದು ಸ್ಕ್ರಿಪ್ಟ್ ನಿಲ್ಲಿಸಲ್ಲ. ಅದಕ್ಕೇ ಸಿಡಿ ಪಕ್ಕದಲ್ಲೇ '|| ಎಕ್ಸಿಟ್ 1' ಬರೆಯೋದು ವಾಸಿ. ಅಳಿಸೋ ಕೆಲಸ ಇದ್ರೆ ಸಿಡಿಯನ್ನೇ ಬಿಟ್ಟು ಪೂರ್ತಿ ಪಾತ್ ಕೊಡೋದು ಇನ್ನೂ ವಾಸಿ. ಎಸ್‌ಎಫ್‌ಟಿಪಿಯ ಬ್ಯಾಚ್ ಮೋಡ್ ಈ ವಿಷಯದಲ್ಲಿ ಜಾಣ: ಸಿಡಿ ಫೇಲ್ ಆದ್ರೆ ತಾನೇ ನಿಂತುಬಿಡುತ್ತೆ. ನನಗೆ ಇದೆಲ್ಲ ಗೊತ್ತಾಗಿದ್ದು ಫೋಟೋ ಹೋದ ಮೇಲೆ. ಲ್ಯಾಬ್ ಮ್ಯಾನ್ಯುಯಲ್‌ನ ಅದೇ ಮೊದಲ ಪುಟದಲ್ಲಿ, ಸಿಡಿ ಕೆಳಗೆ, ಒಂದು ಸಾಲು ಇದ್ದಿದ್ರೆ ಸಾಕಿತ್ತು.

ಈಗ ಉಳಿದಿರೋದು ವಾಟ್ಸಾಪ್‌ನಲ್ಲಿ ಕಳಿಸಿದ್ದ ಒಂಬತ್ತು ಫೋಟೋ. ಅದರಲ್ಲಿ ಅಕ್ಕನ ಕೈ ಕಾಣುತ್ತೆ, ಅಕ್ಷರ ಕಾಣಲ್ಲ. ಕಂಬ ಅಲ್ಲೇ ಇದೆ, ಮತ್ತೆ ಹೋಗಬಹುದು. ಅಕ್ಕ ಮಾತ್ರ ಪಾಸ್ ಔಟ್ ಆಗಿ ಹೋಗಿದ್ದಾರೆ. ಕ್ಲಬ್ ಸರ್ವರ್‌ನಲ್ಲಿ ಇಂಥದ್ದೇ ಇನ್ನೂ ಮೂರು ಸ್ಕ್ರಿಪ್ಟ್ ಓಡ್ತಾ ಇವೆ, ಮೂರರಲ್ಲೂ ';' ಇದೆ. ಶನಿವಾರ ಮಧ್ಯಾಹ್ನ ತಿದ್ದೋಕೆ ಕೂರ್ತೀನಿ, ಬರೋರು ಬನ್ನಿ.