ಹಿಮ್ಮಡಿಯ ನೋವೂ ದುಡಿಮೆಯ ಗಾಯವೇ



ಕೈ ಮುರಿದರೆ ಊರೇ ಬಂದು ವಿಚಾರಿಸುತ್ತದೆ. ಹಿಮ್ಮಡಿ ನೊಂದರೆ ಮನೆಯವರೂ ಕೇಳುವುದಿಲ್ಲ. "ವಯಸ್ಸಾಯಿತು", "ವಾತ", "ಉಷ್ಣ" ಎಂದು ಹೇಳಿ ಮುಗಿಸಿಬಿಡುತ್ತೇವೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ನಮ್ಮ ಜನರ ಹಿಮ್ಮಡಿ ನೋವಿನ ಬಹುಪಾಲು ಹುಟ್ಟುವುದು ಕೆಲಸದ ಜಾಗದಲ್ಲಿ. ಆದ್ದರಿಂದ ಅದರ ಪರಿಹಾರದ ಒಂದು ಭಾಗವನ್ನೂ ಅಲ್ಲಿಯೇ ಹುಡುಕಬೇಕು.

ಜತ್ತ ತಾಲೂಕಿನ ಕೆಲಸಗಳನ್ನೇ ನೋಡಿರಿ. ದ್ರಾಕ್ಷಿ ತೋಟದಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ಣಿಯ ದಿನಗಳಲ್ಲಿ ಹಂದರದ ಕೆಳಗೆ ಕೈಯೆತ್ತಿ, ತುದಿಗಾಲಲ್ಲಿ ದಿನವಿಡೀ ನಿಲ್ಲಬೇಕು. ದಾಳಿಂಬೆ ತೋಟದಲ್ಲಿ ಕಲ್ಲುನೆಲದ ಮೇಲೆ ಬುಟ್ಟಿ ಹೊರಬೇಕು. ಮಳೆ ಕೈಕೊಟ್ಟು ಕಬ್ಬು ಕಡಿಯಲು ಹೊರಟವರು ತಲೆಯ ಮೇಲೆ ಕಟ್ಟು ಹೊತ್ತು, ಹಲಗೆ ಏರಿ ಲಾರಿ ತುಂಬಬೇಕು. ಕಾಲಲ್ಲಿ ಇರುವುದು ಸವೆದು ಕಾಗದದಂತಾದ ರಬ್ಬರ್ ಚಪ್ಪಲಿ. ಇಷ್ಟೂ ಭಾರ ಬೀಳುವುದು ಹಿಮ್ಮಡಿಯ ಮೇಲೆ.

ಹಿಮ್ಮಡಿಯ ಎಲುಬಿನಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಇದ್ದಂತೆ ಅದು ಪಾದದ ಕಮಾನನ್ನು ಹಿಡಿದಿರುತ್ತದೆ. ಬಹಳ ಹೊತ್ತು ನಿಲ್ಲುವುದು, ಹೊರೆ, ಗಟ್ಟಿನೆಲ, ಮೈಯ ತೂಕ, ಬಿಗಿದ ಮೀನಖಂಡ ಇವುಗಳಿಂದ ಆ ಪಟ್ಟಿ ಎಲುಬಿಗೆ ಅಂಟಿಕೊಂಡ ಜಾಗದಲ್ಲಿ ಸವೆಯುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದಂತಾಗಿ, ಸ್ವಲ್ಪ ನಡೆದ ಮೇಲೆ ಸಡಿಲಾಗಿ, ಸಂಜೆ ಮತ್ತೆ ಏರುವ ನೋವು ಇದರ ಗುರುತು. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ ಇದು ಹೆಚ್ಚು.

"ಎಲುಬು ಬೆಳೆದಿದೆ, ಕೊಯ್ಯಬೇಕು" ಎಂದು ಕೆಲವರು ಎಕ್ಸ್‌ರೇ ಹಿಡಿದು ಅಂಜುತ್ತಾರೆ. ಅಂಜಬೇಕಾಗಿಲ್ಲ. ಅಂಥ ಎಲುಬಿನ ಮೊನೆ ನೋವೇ ಇಲ್ಲದವರ ಕಾಲಿನಲ್ಲಿಯೂ ಕಾಣುತ್ತದೆ. ಹೆಚ್ಚಿನವರ ನೋವು ಶಸ್ತ್ರಕ್ರಿಯೆಯಿಲ್ಲದೆ ಗುಣವಾಗುತ್ತದೆ. ಆದರೆ ತಿಂಗಳುಗಳು ಬೇಕು. ಕೆಲವೊಮ್ಮೆ ಒಂದು ವರ್ಷವೂ ಹಿಡಿಯುತ್ತದೆ. ತಾಳ್ಮೆಯೇ ಇಲ್ಲಿ ಅರ್ಧ ಔಷಧ.

ಉಳಿದರ್ಧಕ್ಕೆ ಹಣ ಬೇಕಿಲ್ಲ. ಬೆಳಿಗ್ಗೆ ಕಾಲೂರುವ ಮೊದಲು, ಕುಳಿತು, ನೋಯುವ ಪಾದವನ್ನು ಇನ್ನೊಂದು ಮೊಣಕಾಲ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೇಲಕ್ಕೆ ಎಳೆದು ಹತ್ತು ಎಣಿಸಿರಿ. ಹೀಗೆ ಹತ್ತು ಸಲ ಮಾಡಿರಿ. ಆಮೇಲೆ ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಮೊಣಕಾಲು ಮಡಿಸದೆ, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿರಿ. ಮೀನಖಂಡ ಜಗ್ಗಿದಂತಾದಾಗ ಮೂವತ್ತು ಎಣಿಸಿರಿ. ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಸಾಕು. ಕೆಲಸದಿಂದ ಬಂದು ತಣ್ಣೀರು ತುಂಬಿದ ಬಾಟಲಿಯನ್ನು ಅಂಗಾಲ ಕೆಳಗೆ ಹತ್ತು ನಿಮಿಷ ಉರುಳಿಸಿರಿ.

ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿ ಊರುವುದು ನಮ್ಮ ಕಡೆಯ ರೂಢಿ. ಶಾಖದಿಂದ ಸ್ವಲ್ಪ ಹಿತವೆನಿಸಬಹುದು. ಆದರೆ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕುಂದಿದವರು ಇದನ್ನು ಮಾಡಲೇಬಾರದು. ಸುಟ್ಟದ್ದೇ ಅವರಿಗೆ ತಿಳಿಯುವುದಿಲ್ಲ. ಕರಿಗೇರಿನ ಎಣ್ಣೆ ಹಚ್ಚುವುದು, ಬರೆ ಹಾಕುವುದು ಯಾರಿಗೂ ಬೇಡ.

ಇನ್ನೊಂದು ಚಾಳಿ ನಮ್ಮನ್ನು ಚಿಂತೆಗೀಡುಮಾಡುತ್ತದೆ. ಟೋಳಿ ಹೊರಡುವ ಮುನ್ನ ಹಿಮ್ಮಡಿಗೆ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳುವುದು, ನೋವು ಮರಳಿದರೆ ಮತ್ತೊಂದು. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸುತ್ತದೆ, ನಿಜ. ಪದೇ ಪದೇ ಹಾಕಿಸಿದರೆ ಆ ಪಟ್ಟಿಯೇ ಹರಿಯಬಹುದು, ಹಿಮ್ಮಡಿಯ ಮೆತ್ತೆ ಕರಗಬಹುದು. ಬಿಸಿಲಲ್ಲಿ ನೀರು ಕುಡಿಯದೆ ದಿನವೂ ನುಂಗುವ ನೋವಿನ ಗುಳಿಗೆ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು.

ಎಲ್ಲ ಹಿಮ್ಮಡಿ ನೋವೂ ಒಂದೇ ಅಲ್ಲ. ಮಲಗಿದಾಗಲೂ ನೋವು, ಬಾವು, ಜ್ವರ, ಜೋಮು, ಬಿದ್ದ ಮೇಲೆ ಬಂದ ನೋವು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಹರೆಯದವರಲ್ಲಿ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಗಿನ ಸೊಂಟದ ಬಿಗಿತ: ಇವು ಕಂಡರೆ ತಡಮಾಡದೆ ಡಾಕ್ಟರರ ಬಳಿ ಹೋಗಿರಿ. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ತಪಾಸಣೆಯೂ ಚಿಕಿತ್ಸೆಯೂ ಉಚಿತ. ಜತ್ತದ ಗ್ರಾಮೀಣ ಆಸ್ಪತ್ರೆಯಲ್ಲಿ ಕೇಳಲು ಸಂಕೋಚ ಬೇಡ.

ಈಗ ಮುಖ್ಯ ಮಾತು. "ವಿಶ್ರಾಂತಿ ತೆಗೆದುಕೊಳ್ಳಿ" ಎನ್ನುವುದು ಸುಲಭ. ಕಬ್ಬಿನ ಹೊಲದಲ್ಲಿ ಗಂಡಹೆಂಡಿರನ್ನು ಕೂಡಿಸಿ ಒಂದು ಕೊಯ್ತಾ ಎಂದು ಎಣಿಸುತ್ತಾರೆ. ಒಬ್ಬರು ಮಲಗಿದರೆ ಇಬ್ಬರ ದುಡಿಮೆಯೂ ನಿಂತಂತೆ. ಮೇಲೆ ಖಾಡಾ ಎಂದು ದಂಡ. ಮುಂಗಡ ಹೊತ್ತ ಕುಟುಂಬ ಕಾಲು ನೊಂದಿತೆಂದು ಕೂರುವುದು ಹೇಗೆ? 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ಚಹಾ, ಕಾಫಿ, ರಬ್ಬರ್‌ನಂಥ ತೋಟಗಳಿಗೆಂದು ಮಾಡಿದರು. ಅದರ ಪಟ್ಟಿಯಲ್ಲಿ ನಮ್ಮ ದ್ರಾಕ್ಷಿ, ದಾಳಿಂಬೆಯ ಹೆಸರು ಇರಲಿಲ್ಲ.

ಆದುದರಿಂದ ನಾವು ಕೇಳಬೇಕಾದುದು ನಾಲ್ಕು. ಮುಂಗಡದ ಮಾತಾಡುವ ದಿನವೇ ಆಳಿಗೊಂದು ಜೊತೆ ದಪ್ಪ ಅಟ್ಟೆಯ ಪಾದರಕ್ಷೆ, ಸಾಲದ ಲೆಕ್ಕಕ್ಕೆ ಸೇರಿಸದೆ. ಚಾಟ್ಣಿಗೆ ನಿಲ್ಲಲು ಗಟ್ಟಿಯಾದ ಅಗಲ ಮಣೆ, ನಡುನಡುವೆ ಕೂರಲು ಹೊತ್ತು. ಲಾರಿ ತುಂಬುವ ಕೆಲಸ ಸರದಿಯ ಮೇಲೆ. ಡಾಕ್ಟರರ ಚೀಟಿ ಇದ್ದ ದಿನಕ್ಕೆ ಖಾಡಾ ಇಲ್ಲ. ಮುಕಾದಮನೂ ಕಾರಖಾನೆಗೆ ಸಾಲಗಾರನೇ. ಭಾರವೆಲ್ಲ ಅವನ ಮೇಲೆ ಹಾಕುವುದು ನ್ಯಾಯವಲ್ಲ. ಕಾರಖಾನೆಗಳೂ ಗೋಪಿನಾಥ ಮುಂಡೆಯವರ ಹೆಸರಿನ ಕಬ್ಬು ಕಡಿಯುವವರ ಕಲ್ಯಾಣ ಮಹಾಮಂಡಳವೂ ಇದಕ್ಕೆ ಕೈಜೋಡಿಸಬೇಕು.

ಚಪ್ಪಲಿಯೂ ಔಷಧವೇ ಎಂಬುದು ಹೊಸ ಮಾತಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಅಂಗಾಲಿನ ಹುಣ್ಣು ತಡೆಯಲು ಮೆತ್ತನೆಯ ರಬ್ಬರಿನ ಪಾದರಕ್ಷೆಗಳಿಗಾಗಿ ಬಹಳ ಶ್ರಮಪಟ್ಟರು. ಜಗತ್ತು ಮುಟ್ಟಲು ಹೇಸಿದ ಪಾದಗಳಿಗೆ ಅಂಥ ಆರೈಕೆ ಸಿಕ್ಕಿತು. ಕಬ್ಬು ಹೊರುವ ಪಾದಕ್ಕೂ ಒಂದು ಜೊತೆ ಒಳ್ಳೆಯ ಚಪ್ಪಲಿ ಸಿಗಲಿ.

ಈ ಸಲ ಟೋಳಿ ಕೂಡುವಾಗ ಮುಂಗಡದ ಮೊತ್ತಕ್ಕಿಂತ ಮೊದಲು ಚಪ್ಪಲಿಯ ಮಾತನ್ನು ಎತ್ತಿರಿ. ಒಬ್ಬರೇ ಕೇಳಬೇಡಿರಿ, ಹತ್ತು ಜನ ಕೂಡಿ ಕೇಳಿರಿ.