ಅಮ್ಮಮ್ಮನ ಚೌರಿ

ಆಟಿಕೆಯನ್ನು ಬಿಚ್ಚುವುದು ಮಕ್ಕಳ ಹಕ್ಕು, ಬಿಚ್ಚಿದ್ದನ್ನು ಜೋಡಿಸುವುದು ಹಿರಿಯರ ಪಾಡು ಎಂಬುದು ಸಂಸಾರವಂದಿಗರೆಲ್ಲರೂ ಬಲ್ಲ ಮಾತು. ಬ್ರಹ್ಮಾವರದ ಮನೆಯೊಂದರಲ್ಲಿ ಮಾತ್ರ ಅಜ್ಜಯ್ಯನೇ ಬಿಚ್ಚಲು ಕುಳಿತರು. ಒಂಬತ್ತು ವರ್ಷದ ಮೊಮ್ಮಗಳು ಕೈಯಡ್ಡ ಹಿಡಿದು ನಿಂತಳು.

ಬಿಚ್ಚಬೇಕಾಗಿದ್ದುದು ಒಂದು ಕುದುರೆಮರಿ. ಅಮೆರಿಕದ ಹ್ಯಾಸ್ಬ್ರೊ ಕಂಪೆನಿ ೧೯೮೧ರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಕುದುರೆಯೊಂದನ್ನು ಹೊರತಂದಿತು. ಅನಂತರ ೧೯೮೩ರಲ್ಲಿ ಅಂಗೈ ತುಂಬುವಷ್ಟು ಗಾತ್ರದ, ಬಾಚಬಹುದಾದ ಕೂದಲುಳ್ಳ ‘ಮೈ ಲಿಟ್ಲ್ ಪೋನಿ’ಗಳನ್ನು ಮಾರುಕಟ್ಟೆಗೆ ತಂದಿತು. ಅಂಥ ಹಳೆಯದೊಂದನ್ನು ದುಬಾಯಿಯ ಚಿಕ್ಕಮ್ಮ ಕುಂದಾಪುರದ ಈ ಹುಡುಗಿಗೆ ತಂದುಕೊಟ್ಟಿದ್ದಳು. ರಜೆಗೆಂದು ಬೈಂದೂರಿನಿಂದ ಬಂದ ಅತ್ತೆಯ ಮಗ ಕತ್ತರಿ ಹಿಡಿದು ಅದರ ಕೇಸರವನ್ನು ಬುಡದವರೆಗೆ ಕತ್ತರಿಸಿದ; ಉಗುರುಬಣ್ಣ ತೆಗೆಯುವ ದ್ರಾವಣದಿಂದ ಒಂದು ಕಣ್ಣನ್ನು ಒರೆಸಿಯೂ ಬಿಟ್ಟ. ಕೇಳಿದರೆ, ಕೂದಲು ಮತ್ತೆ ಬೆಳೆಯುತ್ತದೆಂದು ತಿಳಿದಿದ್ದನಂತೆ! ಕಣ್ಣಿನ ವಿಷಯದಲ್ಲಿ ಅವನಲ್ಲಿ ಉತ್ತರವಿರಲಿಲ್ಲ.

ಹುಡುಗಿ ಎರಡು ಹೊತ್ತು ಊಟ ಬಿಟ್ಟಳು. ಹೊಸದು ಕೊಡಿಸುವ ಮಾತೆತ್ತಿದರೆ ಇನ್ನಷ್ಟು ಅಳು. ಕಡೆಗೆ ಕುದುರೆಯನ್ನು ಕರವಸ್ತ್ರದಲ್ಲಿ ಸುತ್ತಿ, ತಾಯಿಯೊಡನೆ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಬಂದಳು.

ಅಜ್ಜಯ್ಯ ಕುದುರೆಯ ಕುತ್ತಿಗೆಯನ್ನು ಒತ್ತಿ ನೋಡಿದರು. ಮೈ ಒಂದು ಭಾಗ, ತಲೆ ಇನ್ನೊಂದು ಭಾಗ; ನಡುವೆ ಅಂಟು. ಬಿಸಿನೀರಿನಲ್ಲಿ ಅದ್ದಿದರೆ ಪ್ಲಾಸ್ಟಿಕ್ಕು ಮೆತ್ತಗಾಗಿ ತಲೆ ಕಳಚಿಬರುತ್ತದೆಂದು ಅವರು ಹೇಳಿದೊಡನೆ ಹುಡುಗಿ ಹೌಹಾರಿದಳು.

“ತಲೆ ತೆಗೆದ್ರೆ ಅದು ಸಾಯುದಿಲ್ಯಾ ಅಜ್ಜಯ್ಯ?”

“ಮರ್ಕಬೇಡ ಹೆಣೆ. ಉಪ್ಪಿನಕುದ್ರಿನ ಗೊಂಬೆ ಕೈಕಾಲೆಲ್ಲ ಬೇರೆಬೇರೆಯೇ ಇಪ್ಪುದ್. ಆದ್ರೂ ಕುಣುದಿಲ್ಯಾ?”

ಕುಂದಾಪುರದ ಸಮೀಪದ ಉಪ್ಪಿನಕುದ್ರುವಿನ ಕಾಮತ ಮನೆತನದ ಯಕ್ಷಗಾನ ಗೊಂಬೆಯಾಟವನ್ನು ಅಜ್ಜಯ್ಯ ಎಳೆವಯಸ್ಸಿನಲ್ಲಿ ಎಷ್ಟೋ ರಾತ್ರಿ ನಿದ್ದೆಗೆಟ್ಟು ನೋಡಿದವರು. ೧೯೮೦ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದ ಕೊಗ್ಗ ಕಾಮತರು ಆಡಿಸುತ್ತಿದ್ದುದು ಮರದ ಸೂತ್ರದ ಗೊಂಬೆಗಳನ್ನು. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಸಡಿಲವಾದ ಕೀಲು. ಮೇಲಿನಿಂದ ಐದಾರು ದಾರ. ಮೈಮೇಲೆ ಬಡಗುತಿಟ್ಟಿನ ವೇಷ. ಕೀಲು ಬಿಗಿಯಾದರೆ ಗೊಂಬೆ ಮರದ ತುಂಡಾಗಿ ನಿಲ್ಲುತ್ತದೆ, ತೀರ ಸಡಿಲವಾದರೆ ತೊಪ್ಪನೆ ಕುಸಿಯುತ್ತದೆ. ಕೊಗ್ಗ ಕಾಮತರ ಮಗ ಭಾಸ್ಕರ ಕಾಮತರು ಈ ಕಲೆಯನ್ನು ಮುಂದುವರಿಸಿದರು. ಉಪ್ಪಿನಕುದ್ರುವಿನಲ್ಲಿ ಅದಕ್ಕೆಂದೇ ಒಂದು ‘ಗೊಂಬೆಮನೆ’ಯೂ ಇದೆ. ಪಕ್ಕದ ಊರಿನವರಲ್ಲಿ ಎಷ್ಟು ಮಂದಿ ಅದರೊಳಗೆ ಕಾಲಿಟ್ಟಿದ್ದಾರೋ!

ಹುಡುಗಿ ಕೈ ಸರಿಸಿದಳು. ಕುತ್ತಿಗೆಯನ್ನು ಬಿಸಿನೀರಿನಲ್ಲಿ ಅದ್ದಿ, ಅಂಟಿನ ಸುತ್ತ ಮೊಂಡು ಚೂರಿಯ ತುದಿಯಾಡಿಸಿ ಎಳೆದಾಗ ತಲೆ ‘ಪೊಟಕ್’ ಎಂದು ಬಿಟ್ಟುಬಂತು. ಒಳಗೆ ಕಂಡದ್ದು ತುಕ್ಕು. ಬಾಲದ ಬುಡವನ್ನು ಹಿಡಿದಿಡುವುದು ಹೊಟ್ಟೆಯೊಳಗಿನ ಒಂದು ಲೋಹದ ತುಂಡು. ಮಕ್ಕಳು ಕುದುರೆಗೆ ಸ್ನಾನ ಮಾಡಿಸಿದಾಗಲೆಲ್ಲ ಒಳಸೇರಿದ ನೀರು ಅದನ್ನು ತಿಂದಿತ್ತು. ಅಜ್ಜಯ್ಯ ಅದನ್ನು ಕಿತ್ತೆಸೆದು, ಬಾಲವನ್ನು ಗಟ್ಟಿ ನೂಲಿನಿಂದ ಕಟ್ಟಿ, ಒಳಗಡೆ ಗಂಟು ಹಾಕಿದರು.

ಇನ್ನು ಕೇಸರಕ್ಕೆ ಕೂದಲೆಲ್ಲಿಯದು? ಹೊಲಿಗೆಯ ನೂಲು ಜೋತುಬಿತ್ತು. ತೆಂಗಿನ ನಾರು ಕುದುರೆಯನ್ನು ಮುಳ್ಳುಹಂದಿಯಾಗಿಸಿತು. ಆಗ ಅಮ್ಮಮ್ಮ ಸದ್ದಿಲ್ಲದೆ ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ತಮ್ಮ ಮದುವೆಯ ದಿನ ಜಡೆಗೆ ಸೇರಿಸಿದ್ದ ಚೌರಿಯನ್ನು ತಂದರು. ಅವರ ತಾಯಿ ತಮ್ಮದೇ ಉದುರಿದ ಕೂದಲನ್ನು ವರ್ಷಗಟ್ಟಲೆ ಕೂಡಿಸಿಟ್ಟು ಮಾಡಿಸಿದ್ದ ಚೌರಿ ಅದು. “ಅದು ಬೇಡ,” ಎಂದರು ಅಜ್ಜಯ್ಯ. ಅಮ್ಮಮ್ಮ ಉತ್ತರಿಸಲಿಲ್ಲ. ತುಸು ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಬಾಚಿದರು. ಬಳಿಕ ತಾವೇ ಕತ್ತರಿ ತೆಗೆದುಕೊಂಡು ಅರ್ಧ ಕತ್ತರಿಸಿಕೊಟ್ಟು, ಉಳಿದರ್ಧವನ್ನು ಪೆಟ್ಟಿಗೆಗೆ ಹಿಂದಿರುಗಿಸಿದರು.

ಕೂದಲು ನೆಡುವುದು ತಾಳ್ಮೆಯ ಕೆಲಸ. ಹಳೆಯ ಮೋಟುಗೂದಲನ್ನು ತಲೆಯ ಒಳಗಿನಿಂದ ಕಿತ್ತು, ಹತ್ತಾರು ಎಳೆಗಳ ಎಸಳನ್ನು ಮಡಿಚಿ, ಮಡಿಕೆಯನ್ನು ದಾರದ ಕುಣಿಕೆಯಿಂದ ಒಂದೊಂದು ತೂತಿನ ಮೂಲಕ ಒಳಕ್ಕೆಳೆಯಬೇಕು. ಎಲ್ಲ ಮುಗಿದ ಮೇಲೆ ಒಳಗಡೆ ಅಂಟು ಸುರಿದು ರಾತ್ರಿಯಿಡೀ ಒಣಗಿಸಬೇಕು. ಎರಡು ದಿನ ಮನೆಯವರೆಲ್ಲ ಇದರಲ್ಲಿಯೇ ಮುಳುಗಿದ್ದರು. ಒಮ್ಮೆ ಸಾರು ಸೀದದ್ದೂ ಉಂಟು.

ಕಣ್ಣು ಬರೆಯುವಾಗ ಅಜ್ಜಯ್ಯನ ಕೈ ನಡುಗಿತು. ಕುಂಚವನ್ನು ಹುಡುಗಿಯೇ ಹಿಡಿದಳು. ಹೊಸ ಕಣ್ಣು ಹಳೆಯದಕ್ಕಿಂತ ದೊಡ್ಡದಾಗಿ, ಯಕ್ಷಗಾನದ ಬಣ್ಣದ ವೇಷದ ಕಣ್ಣಿನಂತೆ ಬಿರಿದು ನಿಂತಿತು. ಅಳಿಸಿ ತಿದ್ದೋಣವೆಂದರೆ ಅವಳು ಒಪ್ಪಲಿಲ್ಲ. ತಲೆಯನ್ನು ಮತ್ತೆ ಬಿಸಿಮಾಡಿ ಮೈಗೆ ಒತ್ತಿ ಕೂರಿಸಿದಾಗ ಗುಲಾಬಿ ಕುದುರೆಯ ಕುತ್ತಿಗೆಯ ತುಂಬ ಕಪ್ಪು ಕೇಸರ ಇಳಿಬಿದ್ದಿತ್ತು.

ಮುಂದಿನ ಭಾನುವಾರ ಬೈಂದೂರಿನ ಹುಡುಗ ಬಾಗಿಲಲ್ಲಿಯೇ ನಿಂತು, “ಹಳೆ ಕುದುರೆ ಎಲ್ಲಿ?” ಎಂದು ಅಳುಕುತ್ತ ಕೇಳಿದ. ಹುಡುಗಿ ಕುದುರೆಯನ್ನು ಮೆಲ್ಲನೆ ತಿರುಗಿಸಿ, ಅವನು ಒರೆಸದೆ ಬಿಟ್ಟಿದ್ದ ಕಣ್ಣನ್ನು ಅವನತ್ತ ಹಿಡಿದಳು.