ಮಾಗಿದ ಕಂಠ

ಗಾಯಕರ ಹಿರಿಮೆಯನ್ನು ಅವರು ಎಷ್ಟು ಎಳವೆಯಲ್ಲಿ ವೇದಿಕೆಯನ್ನೇರಿದರು ಎಂಬುದರಿಂದ ಅಳೆಯುವ ಅಭ್ಯಾಸ ಎಲ್ಲೆಡೆಯೂ ಬೇರೂರಿದೆ. ಬಾಲಪ್ರತಿಭೆಗೆ ಸಲ್ಲುವ ಕರತಾಡನ ಮಾಗಿದ ವಿದ್ವತ್ತಿಗೆ ಸಲ್ಲುವುದು ಅಪರೂಪ. ಆದರೆ ಎಲ್ಲ ಮರಗಳೂ ಒಂದೇ ಋತುವಿನಲ್ಲಿ ಫಲ ಕೊಡುವುದಿಲ್ಲ. ಎಲ್ಲ ಕಂಠಗಳೂ ಅಷ್ಟೆ. ನಾರ್ವೆ ದೇಶದ ಮಹಾಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಇದಕ್ಕೆ ನಿದರ್ಶನ.

ಐರೋಪ್ಯರ ಗೇಯನಾಟಕವಾದ ಆಪೆರಾದಲ್ಲಿ ಸ್ತ್ರೀಯರ ಉಚ್ಚಸ್ಥಾಯಿಯ ಕಂಠಕ್ಕೆ ಸೊಪ್ರಾನೊ ಎಂದು ಹೆಸರು. ಅದರಲ್ಲಿಯೂ ಭೇದಗಳುಂಟು. ಕೆಲವು ಕಂಠಗಳು ಹಕ್ಕಿಯಂತೆ ಲಘುವಾಗಿ ಮೇಲೆ ಹಾರಾಡಬಲ್ಲವು. ಡ್ರಮ್ಯಾಟಿಕ್ ಸೊಪ್ರಾನೊ ಎಂಬುದರ ಹೊಣೆ ಬೇರೆ. ವಾಗ್ನರನ ನಾಟಕಗಳಲ್ಲಿ ಸುಮಾರು ನೂರು ಜನರ ವಾದ್ಯಮೇಳದ ಅಲೆಯನ್ನು ದಾಟಿ, ಧ್ವನಿವರ್ಧಕದ ನೆರವಿಲ್ಲದೆ, ರಂಗಮಂದಿರದ ಕೊನೆಯ ಸಾಲಿನವರೆಗೆ ಅದು ತಲುಪಬೇಕು. ಇಸೋಲ್ಡೆಯ ಪಾತ್ರ ವಹಿಸಿದವಳು ಗಂಟೆಗಟ್ಟಲೆ ಹಾಡಿದ ಮೇಲೂ ಕಡೆಯ ಅಂಕದ ಕಡೆಯ ಗಾನಕ್ಕೆ ಉಸಿರನ್ನು ಉಳಿಸಿಕೊಂಡಿರಬೇಕು. ಗಂಟಲು ಬಿಗಿದು ಕೂಗುವುದರಿಂದ ಇದು ಸಾಧ್ಯವಾಗದು. ಉಸಿರಿನ ಹಿಡಿತದಿಂದ, ದೇಹವೆಲ್ಲ ಅನುರಣಿಸುವ ನಾದದಿಂದ ಮಾತ್ರ ಸಾಧ್ಯ. ಎಳೆಯ ಕಂಠದ ಮೇಲೆ ಈ ಭಾರವನ್ನು ಹೊರಿಸಿದರೆ ಅದು ಬೇಗನೆ ಬಳಲಿ ಬಿರಿಯುವ ಅಪಾಯವುಂಟು.

ಫ್ಲಾಗ್‌ಸ್ಟಾಡ್ ಹುಟ್ಟಿದುದು 1895ರಲ್ಲಿ, ಹಾಮಾರ್ ಎಂಬ ಪಟ್ಟಣದಲ್ಲಿ. 1913ರಲ್ಲಿ, ಇಂದು ಓಸ್ಲೋ ಎನಿಸಿಕೊಂಡಿರುವ ರಾಜಧಾನಿಯಲ್ಲಿ, ದಾಲ್ಬೇರನ 'ಟೀಫ್‌ಲಾಂಡ್' ನಾಟಕದ ಒಂದು ಚಿಕ್ಕ ಪಾತ್ರದಿಂದ ಆಕೆಯ ರಂಗಪ್ರವೇಶವಾಯಿತು. ಅಲ್ಲಿಂದ ಸುಮಾರು ಎರಡು ದಶಕಗಳ ಕಾಲ ಸ್ಕ್ಯಾಂಡಿನೇವಿಯದ ಹೊರಗೆ ಆಕೆಯ ಹೆಸರನ್ನು ಕೇಳಿದವರು ವಿರಳ. ನಾರ್ವೆಯಲ್ಲಿ ಆಗ ಸ್ಥಿರವಾದ ರಾಷ್ಟ್ರೀಯ ಆಪೆರಾ ಸಂಸ್ಥೆಯೇ ಇರಲಿಲ್ಲ. ಓಸ್ಲೋವಿನ ರಂಗಮಂದಿರಗಳಲ್ಲಿ, ಅನಂತರ ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿ, ಆಪೆರೆಟ್ಟಾ ಎಂಬ ವಿನೋದನಾಟಕದಿಂದ ಹಿಡಿದು ಗಂಭೀರ ಪಾತ್ರಗಳವರೆಗೆ ದೊರೆತುದನ್ನೆಲ್ಲ ಆಕೆ ಹಾಡಿದಳು. ಮೊದಲ ಸಲ ಇಸೋಲ್ಡೆಯಾದುದು 1932ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ. 1935ರ ಫೆಬ್ರುವರಿ 2ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ರಂಗಮಂದಿರದಲ್ಲಿ ಜೀಗ್ಲಿಂಡೆಯಾಗಿ ಹಾಡಿದಳು. ರೇಡಿಯೋ ಆ ಧ್ವನಿಯನ್ನು ನಾಡಿನಾದ್ಯಂತ ಹರಡಿತು. ನಾಲ್ಕು ದಿನಗಳ ತರುವಾಯ ಅಲ್ಲಿಯೇ ಇಸೋಲ್ಡೆಯಾದಳು. ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಆ ರಂಗಮಂದಿರ ಆಕೆಯ ಹೆಸರಿನಿಂದ ಮತ್ತೆ ತುಂಬತೊಡಗಿತು.

ಜಗತ್ತು ಇದನ್ನು ಪವಾಡವೆಂದಿತು. ಪವಾಡವಲ್ಲ, ಇಪ್ಪತ್ತೆರಡು ವರ್ಷಗಳ ದುಡಿಮೆ. ಹೀಗೆ ಕಾದು ಕಾದು ಅವಕಾಶ ಸಿಗದೆ ಬಾಡಿಹೋದ ಕಂಠಗಳೆಷ್ಟೋ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ತಡವಾಗುವುದೇ ಒಂದು ಗುಣವೆಂದು ನಾವು ಹೇಳುತ್ತಿಲ್ಲ. ಆ ಅವಧಿಯಲ್ಲಿ ಹಾಡಲು ವೇದಿಕೆಯಿತ್ತು, ಕೇಳುವ ಜನರಿದ್ದರು ಎಂಬುದೇ ಮುಖ್ಯ. ಮಹಾರಂಗಮಂದಿರಗಳು ಕಲಾವಿದರನ್ನು ಮೆರೆಸುತ್ತವೆ. ಅವರನ್ನು ಬೆಳೆಸುವುವು ಊರಿನ ಸಣ್ಣ ರಂಗಮಂದಿರಗಳು. ಈ ಎರಡನೆಯ ಕೆಲಸಕ್ಕೆ ಕೀರ್ತಿಯಿಲ್ಲ, ಹಣವೂ ಕಡಿಮೆ.

ಕೀರ್ತಿಗೆ ಕಂಟಕವೂ ಬಂದಿತು. ಜರ್ಮನರ ವಶದಲ್ಲಿದ್ದ ನಾರ್ವೆಗೆ ಆಕೆ 1941ರಲ್ಲಿ ಪತಿಯ ಬಳಿಗೆಂದು ಮರಳಿದಳು. ಪತಿ ಹೆನ್ರಿ ಯೊಹಾನ್ಸನ್ ಕ್ವಿಸ್ಲಿಂಗನ ಪಕ್ಷಕ್ಕೆ ಸೇರಿದ್ದವನು; ಯುದ್ಧ ಮುಗಿದ ಮೇಲೆ ಬಂಧಿತನಾಗಿ, ವಿಚಾರಣೆಗೆ ಮುನ್ನವೇ 1946ರಲ್ಲಿ ತೀರಿಕೊಂಡನು. ಯುದ್ಧಕಾಲದಲ್ಲಿ ಆಕೆ ಹಾಡಿದುದು ತಟಸ್ಥ ರಾಷ್ಟ್ರಗಳಾದ ಸ್ವೀಡನ್, ಸ್ವಿಟ್ಜರ್ಲೆಂಡ್‌ಗಳಲ್ಲಿ. ಆದರೂ 1947ರಲ್ಲಿ ಅಮೆರಿಕದಲ್ಲಿ ಆಕೆಯ ಕಚೇರಿಗಳ ಎದುರು ಪ್ರತಿಭಟನೆಗಳು ನಡೆದುವು; ಫಿಲಡೆಲ್ಫಿಯದಲ್ಲಿ ಸಭಾಂಗಣದೊಳಗೆ ದುರ್ನಾತದ ಬಾಂಬುಗಳನ್ನೆಸೆದರು. ಆಕ್ರಮಣದ ಬೇಗೆಯನ್ನು ಉಂಡವರ ಕೋಪವನ್ನು ಹಗುರವಾಗಿ ಕಾಣಲಾಗದು. ಆದರೆ ಪತಿಯ ತಪ್ಪನ್ನು ಪತ್ನಿಯ ಕಂಠಕ್ಕೆ ಕಟ್ಟುವುದು ನ್ಯಾಯವೆ? ಆಕೆ ವಾದಕ್ಕೆ ನಿಲ್ಲಲಿಲ್ಲ, ಗಲಭೆಯ ನಡುವೆಯೂ ಹಾಡಿದಳು. 1951ರಲ್ಲಿ ಮೆಟ್ರೊಪಾಲಿಟನ್ ಆಕೆಯನ್ನು ಮತ್ತೆ ಬರಮಾಡಿಕೊಂಡಿತು.

ಈ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾಲುಂಟು. ಜರ್ಮನಿಯ ಸ್ವರಕಾರ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ಎಂಬತ್ತನಾಲ್ಕರ ಮುಪ್ಪಿನಲ್ಲಿ, ಮರಣವನ್ನು ಶಾಂತವಾಗಿ ಇದಿರುಗೊಳ್ಳುವ ಹಾಡುಗಳನ್ನು ರಚಿಸಿದನು. ಅವನ್ನು ಫ್ಲಾಗ್‌ಸ್ಟಾಡಳೇ ಮೊದಲು ಹಾಡಬೇಕೆಂಬುದು ಅವನ ಬಯಕೆ. ಮರುವರ್ಷ ಅವನು ತೀರಿಕೊಂಡನು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ಆಕೆ ಆ ನಾಲ್ಕು ಹಾಡುಗಳನ್ನು ಹಾಡಿದಳು. ಕಚೇರಿಯ ಖರ್ಚಿಗೆ ಹಣದ ಭರವಸೆಯಿತ್ತವರು ಮೈಸೂರಿನ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿಯೂ ಬಲ್ಲಿದರು. ರಷ್ಯದ ಸ್ವರಕಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೂ ನೆರವಾದವರು. ಅಂದಿನ ಸಭೆಯಲ್ಲಿ ಅವರು ಹಾಜರಿರಲಿಲ್ಲ. ಎದುರಿನ ಆಸನದ ಮರ್ಯಾದೆಗಾಗಿ ಕೊಡುವ ದಾನ ಒಂದು ಬಗೆ. ದೂರದಲ್ಲಿದ್ದುಕೊಂಡೇ, ಹಾಡು ಹುಟ್ಟಲೆಂದು ಕೊಡುವುದು ಇನ್ನೊಂದು ಬಗೆ. ಎರಡನೆಯದೇ ಪೋಷಣೆ.

ಕಡೆಗಾಲದಲ್ಲಿ ಫ್ಲಾಗ್‌ಸ್ಟಾಡ್ ಮಾಡಿದ ಕೆಲಸವೂ ಇದೇ ಬಗೆಯದು. ವಿಶ್ರಾಂತಿಯ ವಯಸ್ಸಿನಲ್ಲಿ, 1958ರಲ್ಲಿ, ತಾಯ್ನಾಡು ಕಡೆಗೂ ಸ್ಥಾಪಿಸಿಕೊಂಡ ರಾಷ್ಟ್ರೀಯ ಆಪೆರಾದ ಪ್ರಥಮ ನಿರ್ದೇಶಕಿಯಾದಳು. 1959ರಲ್ಲಿ ಅದು ಆಡಿದ ಮೊದಲ ನಾಟಕ 'ಟೀಫ್‌ಲಾಂಡ್'. 1962ರಲ್ಲಿ ಆಕೆ ನಿಧನಳಾದಳು. ತನ್ನ ಯೌವನದಲ್ಲಿ ಇಲ್ಲದಿದ್ದ ಮನೆಯನ್ನು ಮುಂದಿನವರಿಗೆ ತೆರೆದು ಹೋದಳು. ಪ್ರತಿಭೆ ಎಲ್ಲಿದೆ ಎಂದು ಹುಡುಕುತ್ತಿರುವವರು, ಅದು ಮಾಗುವವರೆಗೆ ನೆಲೆಸಲು ಎಡೆಯೆಲ್ಲಿದೆ ಎಂದೂ ಒಮ್ಮೆ ಕೇಳಿಕೊಳ್ಳುವುದು ಒಳಿತು.